ಗೋಣೆಪ್ಪನ ಥ್ಯಾಂಕ್ಯೂ

ನಮ್ಮ ಕಡೆಯ ಸಭೆ ಸಮಾರಂಭಗಳಲ್ಲಿ ವಂದನಾರ್ಪಣೆ ಎಂಬುದೊಂದು ಇರುತ್ತದೆ. ಅದು ಇರುತ್ತದೆ ಎಂಬುದು ಆಮಂತ್ರಣದ ಕಾರ್ಡು ನೋಡಿದರೆ ಗೊತ್ತಾಗುತ್ತದೆಯೇ ಹೊರತು, ಅದನ್ನು ಪೂರ್ತಿ ಕೇಳಿದವರು ರೋಣ, ನರಗುಂದ, ಗಜೇಂದ್ರಗಡ ಮೂರೂ ತಾಲೂಕು ತಿರುಗಿದರೂ ಸಿಗುವುದಿಲ್ಲ. ಅಧ್ಯಕ್ಷರು ಮಾತು ಮುಗಿಸಿ ಕೂಡುವುದಕ್ಕೂ ಜನ ಏಳುವುದಕ್ಕೂ ಸರಿಹೋಗುತ್ತದೆ. ವಂದಿಸುವವನು ಮೈಕಿನ ಮುಂದೆ ಬಂದು ಒಮ್ಮೆ ಕೆಮ್ಮುವಷ್ಟರಲ್ಲಿ ಮುಂದಿನ ಸಾಲಿನವರು ಪಂಕ್ತಿಯಲ್ಲಿ ಕೂತು ಎಲೆಗೆ ನೀರು ಚಿಮುಕಿಸುತ್ತಿರುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಹೊಟ್ಟೆಗೆ ಕಾರ್ಡು ಓದಲು ಬರುವುದಿಲ್ಲ.

ಮೂರೂ ತಾಲೂಕಿನ ಹಿಟ್ಟಿನ ಗಿರಣಿ ಮಾಲೀಕರ ಸಂಘ ಹುಟ್ಟಿದಾಗಿನಿಂದ ಈ ವಂದನಾರ್ಪಣೆಯನ್ನು ರೋಣದ ಗೋಣೆಪ್ಪನ ಕೊರಳಿಗೆ ಕಟ್ಟಲಾಗಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಗಿರಣಿ. ದಿನವಿಡೀ ಗಿರಣಿಯ ಸಪ್ಪಳವನ್ನು ಮೀರಿ ಮಾತಾಡಿ ಮಾತಾಡಿ ಅವನ ದನಿ ಶಾಶ್ವತವಾಗಿ ಏರಿಬಿಟ್ಟಿತ್ತು. ಗುಟ್ಟು ಹೇಳಿದರೂ ಬಸ್ಸಿನವರಿಗೆ ಕೇಳಿಸುತ್ತಿತ್ತು. ಅಂಥ ದನಿಗೂ ಮಂದಿ ನಿಲ್ಲಲಿಲ್ಲ. ಹೋದ ವರ್ಷವಂತೂ ಅವನು ಪೆಂಡಾಲಿನವರಿಗೆ ವಂದನೆ ಹೇಳುವಾಗ ಪೆಂಡಾಲಿನವರು ಪೆಂಡಾಲು ಬಿಚ್ಚುತ್ತಿದ್ದರು. ಮೈಕಿನವರಿಗೆ ವಂದನೆ ಎನ್ನುವಷ್ಟರಲ್ಲಿ ಮೈಕಿನ ಮದರಸಾಬ ವೈರು ಸುತ್ತತೊಡಗಿದ್ದ. ಈ ಮದರಸಾಬ ಬೇರೆ ಯಾರೂ ಅಲ್ಲ, ಗೋಣೆಪ್ಪನ ಪಕ್ಕದ ಮನೆಯವನೇ. ಕಡೆಗೆ ಯಾವಗಲ್ಲಿನ ಒಬ್ಬ ಮುದುಕರು ಮಾತ್ರ ಕೂತಿದ್ದರು. ಅವರು ನಿದ್ದೆ ಹೋಗಿದ್ದರು.

ಈ ವರ್ಷ ಸಭೆಯ ತಯಾರಿ ಶುರುವಾದಾಗ ಸಂಘದ ಕಾರ್ಯದರ್ಶಿ ರಾಯಣ್ಣ, ಯಾರೂ ಕೇಳದ ವಂದನಾರ್ಪಣೆಯನ್ನು ಕಾರ್ಡಿನಿಂದ ತೆಗೆದು ಆ ಜಾಗದಲ್ಲಿ ಊಟದ ವಿವರ ಹಾಕೋಣ ಎಂದು ಸೂಚಿಸಿದ. ಎಲ್ಲರೂ ತಲೆಯಾಡಿಸಿದರು. ಗೋಣೆಪ್ಪ ಮಾತ್ರ ಆಡಿಸಲಿಲ್ಲ. ಅವನ ಹೆಸರು ಅಚ್ಚಾಗುತ್ತಿದ್ದುದು ವರ್ಷಕ್ಕೊಮ್ಮೆ, ಆ ಕಾರ್ಡಿನಲ್ಲಿ, ಅದೂ ಕಟ್ಟಕಡೆಯ ಸಾಲಿನಲ್ಲಿ. ಆದರೂ ಅಚ್ಚು ಅಚ್ಚೇ. ಹಳೆಯ ಕಾರ್ಡುಗಳನ್ನೆಲ್ಲ ಅವನು ಗಿರಣಿಯ ಗೋಡೆಗೆ ಅಂಟಿಸಿದ್ದ. ಹಿಟ್ಟಿನ ಧೂಳು ಕೂತಾಗಲೆಲ್ಲ ತನ್ನ ಹೆಸರಿನ ಮೇಲೆ ಮಾತ್ರ ಬೆರಳಾಡಿಸಿ ಒರೆಸುತ್ತಿದ್ದ. ಅವನು ಗೋಗರೆದ ಮೇಲೆ ರಾಯಣ್ಣ ಕರಗಿ ಒಂದು ಷರತ್ತು ಹಾಕಿದ. ಈ ವರ್ಷ ಮಂದಿ ಕೊನೆತನಕ ಕೂತು ಕೇಳಿದರೆ ವಂದನಾರ್ಪಣೆ ಉಳಿಯುತ್ತದೆ. ಮುಗಿಯುವ ಮೊದಲೇ ಎದ್ದರೆ ಮುಂದಿನ ವರ್ಷದಿಂದ ಅದೂ ಇಲ್ಲ, ಗೋಣೆಪ್ಪನ ಹೆಸರೂ ಇಲ್ಲ.

ಗೋಣೆಪ್ಪ ಯೋಚಿಸಿದ. ಧನ್ಯವಾದ ಎಂದು ಕನ್ನಡದಲ್ಲಿ ಹೇಳುವುದರಿಂದಲೇ ಮಂದಿ ಏಳುತ್ತಾರೆ, ಇಂಗ್ಲಿಷಿನಲ್ಲಿ ಹೇಳಿದರೆ ತೂಕ ಬರುತ್ತದೆ ಎಂಬುದು ಅವನ ತೀರ್ಮಾನವಾಯಿತು. ಅದಕ್ಕೆ ಸರಿಯಾಗಿ ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುವ ನೇತ್ರಾ ಅಕ್ಕೋರು ಗೋಧಿ ಬೀಸಿಸಲು ಬಂದರು. ಗೋಣೆಪ್ಪ ಥ್ಯಾಂಕ್ಯೂ ಎಂಬ ಮಾತಿನ ಹುಟ್ಟು ಪೂರ್ವೋತ್ತರ ಕೇಳಿದ. ಅಕ್ಕೋರಿಗೆ ಖುಷಿಯಾಯಿತು. ಸಾಲಿಯಲ್ಲಿ ಯಾವ ಹುಡುಗನೂ ಇಂಥದ್ದು ಕೇಳಿರಲಿಲ್ಲ.

ಗೋಧಿ ಹಿಟ್ಟಾಗುವತನಕ ಅವರು ವಿವರಿಸಿದರು. ಅದು ಒಂದೇ ಮಾತಲ್ಲ, ಆಡುವ ರೀತಿಯಿಂದ ಅರ್ಥ ಬದಲಾಗುತ್ತದೆ. ಕೊಟ್ಟದ್ದನ್ನು ತಗೊಳ್ಳುವಾಗಲೂ ಅದೇ, ಬೇಡವೆನ್ನುವಾಗಲೂ ಅದೇ. ಬಂದವರನ್ನು ಸಾಗಹಾಕಲು, ಮಾತು ಸಾಕೆನ್ನಲು, ಸಿಟ್ಟು ಬಂದಾಗ ಚುಚ್ಚಲು, ಎಲ್ಲಕ್ಕೂ ಅದೇ ನಡೆಯುತ್ತದೆ. ಆದರೆ ಮೂಲಕ್ಕೆ ಹೋದರೆ ಥ್ಯಾಂಕ್ ಮತ್ತು ಥಿಂಕ್ ಒಂದೇ ಮನೆತನದವು. ಹಳೆಯ ಇಂಗ್ಲಿಷಿನಲ್ಲಿ ಆ ಮಾತಿಗೆ ಮೊದಲು ವಿಚಾರ ಎಂದೇ ಅರ್ಥವಿತ್ತು, ಆಮೇಲೆ ಒಳ್ಳೆಯ ವಿಚಾರ ಎಂದಾಯಿತು, ಕಡೆಗೆ ಉಪಕಾರ ನೆನೆಯುವುದು ಎಂದಾಯಿತು.

"ಒಟ್ಟಿನ್ಯಾಗ, ನೀವು ಮಾಡಿದ್ದು ನನ್ನ ಮನಸ್ಸಿನ್ಯಾಗ ಉಳೀತು ಅಂತ್ರಿ," ಎಂದರು ಅಕ್ಕೋರು. ಇದನ್ನು ಮನಸ್ಸು ತುಂಬಿ ಹೇಳಲು ಬರಬೇಕಾದರೆ ರೂಢಿ ಬೇಕು, ಆ ದೇಶದವರು ಮನೆಯಲ್ಲಿ ಉಪ್ಪಿನ ಡಬ್ಬಿ ಕೈಗೆ ಕೊಟ್ಟರೂ ಹೇಳುತ್ತಾರೆ, ನೀವೂ ಮನೆಯಿಂದಲೇ ಶುರು ಮಾಡಿರಿ ಎಂದು ಹೇಳಿ ಹಿಟ್ಟಿನ ಡಬ್ಬಿ ಎತ್ತಿಕೊಂಡು ಹೋದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಊರು ಹಾಳು ಮಾಡುವ ಸಲಹೆಗಳೆಲ್ಲ ಹಾಗೆಯೇ ಬರುತ್ತವೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಹೊರಗಿನವರಿಗೆ "ಭಾಳ ಉಪಕಾರ ಆತ್ರಿ" ಎನ್ನುವುದುಂಟು. ಮನೆಯವರಿಗೆ ಯಾರೂ ಏನೂ ಹೇಳುವುದಿಲ್ಲ. ಹೆಂಡತಿ ರೊಟ್ಟಿ ಬಡಿದರೆ ಗಂಡ ತಿನ್ನುತ್ತಾನೆ, ಗಂಡ ನೀರು ಸೇದಿದರೆ ಹೆಂಡತಿ ಕೊಡ ಎತ್ತುತ್ತಾಳೆ. ಅಲ್ಲಿಗೆ ಸರಿಹೋಯಿತು. ಗೋಣೆಪ್ಪ ಮತ್ತು ಅವನ ಹೆಂಡತಿ ಸಕ್ಕೂಬಾಯಿ ಲಗ್ನವಾದ ದಿನದಿಂದ ಹೀಗೆಯೇ ಸುಖವಾಗಿದ್ದರು.

ಅಂದು ಮಧ್ಯಾಹ್ನ ಸಕ್ಕೂಬಾಯಿ ತಾಟಿಗೆ ರೊಟ್ಟಿ ಹಾಕಿದಳು. ಗೋಣೆಪ್ಪ ಕೈ ಮುಗಿದು, ಗಿರಣಿಯ ದನಿಯಲ್ಲಿ, ಥ್ಯಾಂಕ್ಯೂ ಎಂದ. ಸಕ್ಕೂಬಾಯಿ ಹಿಂದೆ ತಿರುಗಿ ಯಾರು ಬಂದರೆಂದು ನೋಡಿದಳು. ಯಾರೂ ಇರಲಿಲ್ಲ. ಫೋನಿನಲ್ಲಿ ಮಾತಾಡುತ್ತಿರಬೇಕೆಂದು ಅವನ ಕಿವಿ ನೋಡಿದಳು. ಫೋನು ಗೂಟದಲ್ಲಿದ್ದ ಅಂಗಿಯ ಕಿಸೆಯಲ್ಲಿತ್ತು. ಪಲ್ಯಕ್ಕೆ ಇನ್ನೊಂದು ಥ್ಯಾಂಕ್ಯೂ ಬಂತು, ನೀರಿಗೆ ಮತ್ತೊಂದು. ಮಜ್ಜಿಗೆ ಸುರಿಯಲು ಬಂದವಳು ತಂಬಿಗೆ ಕೆಳಗಿಟ್ಟಳು.

"ಯಾಕ್ರಿ, ನಾ ಏನ್ ಮಾಡೀನಿ?" ಎಂದಳು.

"ಹೆದರಬ್ಯಾಡ. ಇದರ ಮೂಲ ಅರ್ಥ ಭಾಳ ಚಲೋ ಐತಿ. ನೀ ಮಾಡಿದ್ದೆಲ್ಲಾ ನನ್ನ ಮನಸ್ಸಿನ್ಯಾಗ ಉಳೀತು ಅಂತ."

"ಉಳೀತು ಅಂದ್ರ? ನೀವು ಎಲ್ಲಿಗೆ ಹೊಂಟೀರಿ?"

ಗೋಣೆಪ್ಪನಿಗೆ ಪ್ರಶ್ನೆ ತಿಳಿಯಲಿಲ್ಲ. ಗಿರಣಿಗೆ ಹೊಂಟೀನಿ ಎಂದು ಹೇಳಿ, ಚಪ್ಪಲಿ ಎಲ್ಲಿದೆ ಎಂದು ತೋರಿಸಿದ್ದಕ್ಕೂ ಥ್ಯಾಂಕ್ಯೂ ಹೇಳಿ, ಹೋದ. ಸಕ್ಕೂಬಾಯಿ ಒಲೆಯ ಮುಂದೆ ಕೂತುಬಿಟ್ಟಳು.

ಹೋಗುವ ದಾರಿಯಲ್ಲಿ ಗೋಣೆಪ್ಪ ಮದರಸಾಬನ ಮನೆಯ ಬಾಗಿಲಲ್ಲಿ ನಿಂತು ಮದರಸಾಬನ ಹೆಂಡತಿ ಹಸನಬಿಗೂ ಕೈ ಮುಗಿದ. ಇಷ್ಟು ವರ್ಷ ನೆರೆಯವರಾಗಿ ನಡೆಸಿಕೊಂಡದ್ದಕ್ಕೆ ಥ್ಯಾಂಕ್ಯೂ ಎಂದ. ಎದುರುಮನೆಗೂ ಹೋದ, ಮೂಲೆಮನೆಗೂ ಹೋದ. ಹಸನಬಿ ಇದನ್ನೆಲ್ಲ ನೋಡಿ ಒಲೆ ಆರಿಸಿ ಸಕ್ಕೂಬಾಯಿಯ ಹತ್ತಿರ ಓಡಿ ಬಂದಳು.

"ನಮ್ಮ ಅಮ್ಮಿ ಹಜ್‌ಗೆ ಹೋಗೋ ಮುಂದ ಹಿಂಗ ಮನಿಮನಿಗೆ ಹೋಗಿ ಕೈ ಮುಗದು, ತಪ್ಪಾಗಿದ್ರ ಮಾಫ್ ಮಾಡ್ರಿ ಅಂದು ಬಂದಿದ್ಲು. ನಿಮ್ಮವರು ಯಾವ ಯಾತ್ರಾಕ್ಕ ಹೊಂಟಾರ ಅಕ್ಕಾ?"

ಸಕ್ಕೂಬಾಯಿಯ ಗಂಡ ಯಾತ್ರೆಗೆ ಹೋಗುವ ಪೈಕಿಯಲ್ಲ. ಪಕ್ಕದ ಇಟಗಿಗೆ ಭೀಮಾಂಬಿಕೆಯ ದರ್ಶನಕ್ಕೆ ಹೋಗೋಣವೆಂದರೂ ಗಿರಣಿ ಯಾರು ನೋಡುತ್ತಾರೆ ಎನ್ನುವವನು. ಹಾಗಾದರೆ ಇದು ಬೇರೆ ಯಾತ್ರೆ. ಆಗ ಅವಳಿಗೆ ನೆನಪಾಯಿತು: ಮೊನ್ನೆ ಅವನು ಗದಗಿಗೆ ಹೋಗಿದ್ದನ್ನು ಯಾರೋ ನೋಡಿ ಹೇಳಿದ್ದರು. ಇವಳು ಕೇಳಿದರೆ ಹೋಗೇ ಇಲ್ಲ ಎಂದಿದ್ದ. ನಿಜ ಏನೆಂದರೆ ಅವನು ಗಿರಣಿಯ ಚಕ್ರ ತಿರುಗಿಸುವ ಪಟ್ಟಾ ತರಲು ಹೋಗಿದ್ದ. ಗದಗಿಗೆ ಹೋದಾಗ ಕುಕ್ಕರಿನ ರಬ್ಬರು ತರಬೇಕೆಂದು ಸಕ್ಕೂಬಾಯಿ ಹೇಳಿದ್ದು ಮರೆತಿತ್ತು. ಬೈಸಿಕೊಳ್ಳುವುದಕ್ಕಿಂತ ಹೋಗೇ ಇಲ್ಲ ಎನ್ನುವುದು ಸುಲಭವಾಗಿತ್ತು. ಆದರೆ ಗದಗಿಗೆ ಮನುಷ್ಯರು ಮುಚ್ಚಿಟ್ಟು ಹೋಗುವುದು ದವಾಖಾನೆಗೆ ಮಾತ್ರ ಎಂದು ಹಸನಬಿ ಹೇಳಿದಳು. ಇಬ್ಬರೂ ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಗಂಡನನ್ನೇ ನೇರವಾಗಿ ಕೇಳಲು ಸಕ್ಕೂಬಾಯಿಗೆ ಧೈರ್ಯ ಬರಲಿಲ್ಲ. ಕೇಳಿದರೆ ಹೌದು ಎಂದುಬಿಟ್ಟರೆ?

ಅತ್ತ ಗಿರಣಿಯಲ್ಲಿ ಗೋಣೆಪ್ಪನ ಅಭ್ಯಾಸ ಜೋರಾಗಿ ನಡೆದಿತ್ತು. ಆ ದಿನವೇ ತಕ್ಕಡಿ ಪರೀಕ್ಷೆ ಮಾಡುವ ಅಧಿಕಾರಿ ಬಂದರು. ತೂಕದ ಬಟ್ಟು ಇಟ್ಟು ನೋಡಿದರು, ಎಲ್ಲ ಸರಿಯಾಗಿತ್ತು, ಹೊರಟರು. ಗೋಣೆಪ್ಪ ಬಾಗಿಲತನಕ ಬಂದು, ನೀವು ನಮ್ಮ ತಕ್ಕಡಿ ನೋಡಿದ್ದು ನಮ್ಮ ಮನಸ್ಸಿನಲ್ಲಿ ಉಳಿಯುತ್ತದೆ, ಥ್ಯಾಂಕ್ಯೂ ಎಂದ. ಅಧಿಕಾರಿ ಅಲ್ಲೇ ನಿಂತರು. ಅವರ ಇಡೀ ನೌಕರಿಯಲ್ಲಿ ಯಾರೂ ಅವರಿಗೆ ಈ ಮಾತು ಹೇಳಿರಲಿಲ್ಲ. ತಿರುಗಿ ಬಂದು ತಕ್ಕಡಿಯನ್ನು ಬೋರಲು ಹಾಕಿ ಮತ್ತೊಮ್ಮೆ ನೋಡಿದರು. ಆಗಲೂ ಸರಿಯಾಗಿತ್ತು. ಗೋಣೆಪ್ಪ ಅದಕ್ಕೂ ಥ್ಯಾಂಕ್ಯೂ ಎಂದ. ಅಧಿಕಾರಿ ಮೇಲೆ ಕೆಳಗೆ ಕ್ಯಾಮರಾ ಹುಡುಕಿದರು, ಹಿಟ್ಟಿನ ಡಬ್ಬಿಯೊಳಗೂ ಇಣುಕಿದರು, ತಮ್ಮ ಮೇಲೆ ಮೇಲಿನವರಿಗೆ ಏನು ದೂರು ಹೋಗಿದೆ ಎಂದು ಮೆಲ್ಲಗೆ ವಿಚಾರಿಸಿದರು. ದೂರಿಲ್ಲ, ಥ್ಯಾಂಕ್ಯೂ ಎಂಬ ಉತ್ತರ ಬಂದಾಗ ಮುಖದ ತುಂಬ ಹಿಟ್ಟು ಹತ್ತಿಸಿಕೊಂಡೇ ಜೀಪು ಏರಿದರು.

ಸಕ್ಕೂಬಾಯಿಯ ತಮ್ಮ ಗ್ಯಾನಪ್ಪ ಗಜೇಂದ್ರಗಡದಲ್ಲಿ ಸೀರೆ ವ್ಯಾಪಾರಿ. ಅಕ್ಕನ ಫೋನು ಬಂದ ಕೂಡಲೇ ಎಳನೀರು, ಬ್ರೆಡ್ಡು, ಮೋಸಂಬಿ ಹಿಡಿದುಕೊಂಡು ಬಂದ. ಅವನು ಮಾವ ಎಂದು ಕರೆಯುವ ಅಕ್ಕನ ಗಂಡ ಗಟ್ಟಿಮುಟ್ಟಾಗಿ ಚೀಲ ಎತ್ತುತ್ತಿದ್ದುದನ್ನು ಕಂಡು ಅವನಿಗೆ ಇನ್ನೂ ದುಃಖವಾಯಿತು. ದೀಪ ಕೊನೆಗೆ ಜೋರಾಗಿ ಉರಿಯುತ್ತದೆ ಎಂದು ಅವನು ಎಲ್ಲೋ ಕೇಳಿದ್ದ. ಗದಗಿನ ದೊಡ್ಡ ದವಾಖಾನೆಯಲ್ಲಿ ಗುರುತಿನವರೊಬ್ಬರಿಗೆ ಫೋನು ಮಾಡಿಸಿದ. ಅಲ್ಲಿ ಗೋಣೆಪ್ಪ ಎಂಬ ಹೆಸರೇ ಇರಲಿಲ್ಲ. ಅಂದರೆ ಬೇರೆ ಹೆಸರಲ್ಲಿ ತೋರಿಸಿದ್ದಾರೆ, ರೋಗ ಅಷ್ಟು ದೊಡ್ಡದು ಎಂದು ಅವನು ಲೆಕ್ಕ ಹಾಕಿದ. ಸಕ್ಕೂಬಾಯಿ ಏನಾದರೂ ಒಳ್ಳೆಯದು ಹೇಳುತ್ತಾನೇನೋ ಎಂದು ಅವನ ಬಾಯಿಯನ್ನೇ ನೋಡುತ್ತಿದ್ದಳು.

"ಅಕ್ಕಾ, ವಂದನಾರ್ಪಣೆ ಆದ ಮ್ಯಾಲ ಏನಿರತೈತಿ ಹೇಳು. ಎದ್ದು ಹೋಗೋದು. ಮಾವ ಎಲ್ಲಾರಿಗೂ ವಂದನಾರ್ಪಣೆ ಮಾಡಾಕತ್ತಾನ," ಎಂದ ಗ್ಯಾನಪ್ಪ.

ಮರುದಿನದಿಂದ ಮಂದಿ ಬರತೊಡಗಿದರು. ಶಿರೋಳದ ಬೀಗರು ಬಂದರು, ಯಾವಗಲ್ಲಿನವರು ಟ್ರ್ಯಾಕ್ಟರ್ ತುಂಬ ಬಂದರು. ಬಂದವರು ಏನೂ ಕೇಳುತ್ತಿರಲಿಲ್ಲ. ಬ್ರೆಡ್ಡು ಇಟ್ಟು, ಚಹಾ ಕುಡಿದು, ಗೋಣೆಪ್ಪನ ಮುಖ ನೋಡಿ ನಿಟ್ಟುಸಿರು ಬಿಟ್ಟು ಕೂಡುತ್ತಿದ್ದರು. ತನ್ನ ಸೌಜನ್ಯದ ಸುದ್ದಿ ಹಬ್ಬಿ ಮಂದಿ ನೋಡಲು ಬರುತ್ತಿದ್ದಾರೆ ಎಂದೇ ಗೋಣೆಪ್ಪ ತಿಳಿದ. ಸಭೆಯ ಅಭ್ಯಾಸವೂ ಆಗಲಿ ಎಂದು ಪ್ರತಿಯೊಬ್ಬರ ಹೆಸರು ಹಿಡಿದು, ತಂದ ಬ್ರೆಡ್ಡನ್ನೂ ಹೆಸರಿಸಿ, ನೀವೆಲ್ಲ ಮನಸ್ಸಿನಲ್ಲಿ ಉಳಿಯುತ್ತೀರಿ ಎಂದು ಕೈ ಮುಗಿಯುತ್ತಿದ್ದ. ಗಂಡಸರು ಎದ್ದು ಹೊರಗೆ ಹೋಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಮನೆಯಲ್ಲಿ ಬ್ರೆಡ್ಡು ಎಷ್ಟಾಯಿತೆಂದರೆ ಎಮ್ಮೆಗೂ ಸಾಕಾಯಿತು.

ಹೀಗೆ ಸಭೆಯ ದಿನ ಬಂತು. ಗೋಣೆಪ್ಪನ ಕಡೆಯ ಭಾಷಣ ಎಂಬ ಸುದ್ದಿ ಮೂರೂ ತಾಲೂಕಿನ ಗಿರಣಿಗಳನ್ನು ಸುತ್ತಿ ಬಂದಿತ್ತು. ರೋಣದ ಕಲ್ಯಾಣ ಮಂಟಪದಲ್ಲಿ ಮಾಲೀಕರು, ಅವರ ಮನೆಯವರು, ಗೋಣೆಪ್ಪನ ಬೀಗರು, ಬೀಗರ ಬೀಗರು ತುಂಬಿದ್ದರು. ಸಂಘದ ಅಧ್ಯಕ್ಷರಾದ ನರಗುಂದದ ಜಮಾಲಸಾಬರು ಪಾಕೀಟಿನ ಹಿಟ್ಟಿನಿಂದ ಗಿರಣಿಗಳಿಗೆ ಆಗುತ್ತಿರುವ ಅನ್ಯಾಯದ ಬಗ್ಗೆ ಪ್ರತಿವರ್ಷದಷ್ಟೇ ದೀರ್ಘವಾಗಿ ಮಾತಾಡಿದರು. ಅವರು ಕೂತರು. ಒಳಗಿನಿಂದ ಗೋಧಿ ಹುಗ್ಗಿಯ ವಾಸನೆ ಬಂತು. ರಾಯಣ್ಣ ವಂದನಾರ್ಪಣೆ ಎಂದು ಘೋಷಿಸಿದ.

ಗೋಣೆಪ್ಪ ಅನುಭವಸ್ಥ. ಕಣ್ಣು ಮುಚ್ಚಿ, ಉಸಿರು ಹಿಡಿದು, ಮಂದಿ ಏಳುವುದರೊಳಗೆ ಅಧ್ಯಕ್ಷರಿಗೆ ಅತಿಥಿಗಳಿಗೆ ಒಂದೇ ಏಟಿಗೆ ಥ್ಯಾಂಕ್ಯೂ ಹೇಳಿದ. ಕುರ್ಚಿಯ ಸಪ್ಪಳ ಬರಲಿಲ್ಲ. ಕಣ್ಣು ತೆರೆದ. ಎಲ್ಲರೂ ಕೂತಿದ್ದರು. ತನ್ನ ಹಿಂದೆ ಯಾರಾದರೂ ಮಂತ್ರಿ ಬಂದರೇ ಎಂದು ತಿರುಗಿ ನೋಡಿದ; ಬರೀ ಬ್ಯಾನರು ಇತ್ತು. ಮದರಸಾಬ ವೈರು ಸುತ್ತುವ ಬದಲು ದನಿ ಏರಿಸುತ್ತಿದ್ದ. ಗೋಣೆಪ್ಪನ ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ಸಭೆಯ ಕಣ್ಣಲ್ಲೂ ಬಂತು.

ಆಮೇಲೆ ಅವನು ನಿಧಾನವಾಗಿ ವಂದಿಸಿದ. ಆ ಮಾತಿನ ಮೂಲ, ಅದರ ಮನೆತನ, ಅದಕ್ಕಿರುವ ನಾನಾ ಅರ್ಥಗಳು, ಎಲ್ಲವನ್ನೂ ವಿವರಿಸಿದ. ನೀವೆಲ್ಲ ನನ್ನ ಮನಸ್ಸಿನಲ್ಲಿ ಉಳಿಯುತ್ತೀರಿ ಎಂದಾಗ ಹೆಂಗಸರ ಕಡೆಯಿಂದ ಅಳು ಎದ್ದಿತು. ಮೈಕಿನ ಮದರಸಾಬರಿಗೆ ಎಂದಾಗ ಮದರಸಾಬ ಆಂಪ್ಲಿಫೈಯರ್ ತಬ್ಬಿಕೊಂಡು ಅತ್ತ. ಕೊನೆಗೆ ಗೋಣೆಪ್ಪ ತೃಪ್ತಿಯಾಗಿ, ಇಷ್ಟು ಹೇಳಿ ನನ್ನ ಮಾತು ಮುಗಿಸುತ್ತೇನೆ ಎಂದ.

ಸಭೆ ಬೆಚ್ಚಿಬಿತ್ತು. ಮುಗಿಸಿದರೆ ಆಮೇಲೆ? ಗ್ಯಾನಪ್ಪ ಎದ್ದು ನಿಂತು, ಅಡಿಗೆಯವರನ್ನು ಮರೆತಿರಿ ಎಂದ. ಗೋಣೆಪ್ಪ ಅಡಿಗೆಯವರನ್ನು ವಂದಿಸಿದ. ಶಿರೋಳದವರು ಕರೆಂಟಿನವರನ್ನು ನೆನಪಿಸಿದರು. ಯಾವಗಲ್ಲಿನವರು ಟ್ರ್ಯಾಕ್ಟರ್ ಡ್ರೈವರನನ್ನು ಎತ್ತಿದರು. ವಂದಿಸಿದ, ವಂದಿಸಿದ. ಯಾರ ಕಾಲಿಗೆ ಬಿದ್ದಾದರೂ ಮುಗಿಸಬೇಕೆಂದಿದ್ದ ಮನುಷ್ಯನನ್ನು ಈಗ ಮುಗಿಸಲು ಯಾರೂ ಬಿಡುತ್ತಿರಲಿಲ್ಲ. ರೋಣ ಡಿಪೋದ ಬಸ್ಸುಗಳಿಗೆ, ಮಳೆಗೆ, ಜೋಳಕ್ಕೆ, ಸತ್ತುಹೋದ ಅಜ್ಜನಿಗೆ, ಅಜ್ಜನ ಎತ್ತಿಗೆ ಥ್ಯಾಂಕ್ಯೂ ಆಯಿತು. ಅಡಿಗೆಯವನು ಸೌಟು ಹಿಡಿದು ಬಾಗಿಲಿಗೆ ಬಂದು ಹುಗ್ಗಿ ಗಟ್ಟಿಯಾಗುತ್ತಿದೆ ಎಂದು ಸನ್ನೆ ಮಾಡಿದ. ಅವನನ್ನು ಒಳಗೆ ದಬ್ಬಿ ಚಿಲಕ ಹಾಕಿದರು. ಗೋಣೆಪ್ಪನ ಗಂಟಲು ಒಣಗಿತು, ಮೊಣಕಾಲು ನಡುಗತೊಡಗಿತು. ಅದು ರೋಗದ ಲಕ್ಷಣವೆಂದು ಎಲ್ಲರೂ ಗುರುತಿಸಿದರು.

ಹೆಸರುಗಳು ತೀರಿದವು. ಯಾರಿಗೂ ಇನ್ನೊಂದು ಹೊಳೆಯಲಿಲ್ಲ.

"ಕೊನೀದಾಗಿ," ಎಂದ ಗೋಣೆಪ್ಪ, ಹೆಂಗಸರ ಸಾಲಿನ ಕಡೆ ತಿರುಗಿ. ಲಗ್ನವಾದಾಗಿನಿಂದ ನಾಲ್ಕು ಮಂದಿಯ ಮುಂದೆ ಅವನು ಆ ಹೆಸರು ತೆಗೆದಿರಲಿಲ್ಲ. ನಾಚಿಕೆಯಿಂದ ಒಮ್ಮೆ ಕೆಮ್ಮಿದ.

ಸಕ್ಕೂಬಾಯಿ ಎದ್ದು ನಿಂತಳು.

"ಬ್ಯಾಡ್ರಿ. ನನ್ನ ಹೆಸರು ತಗೀಬ್ಯಾಡ್ರಿ. ಎಲ್ಲಾರದೂ ಮುಗಿಸೀರಿ, ನಂದೊಂದು ಬಾಕಿ ಇರ್ಲಿ. ಬಾಕಿ ಇಟ್ಟು ನೀವು ಹ್ಯಾಂಗ ಹೋಗ್ತೀರಿ ನೋಡ್ತೀನಿ."

"ನಾ ಎಲ್ಲಿಗೆ ಹೊಂಟೀನಿ?"

ಮೈಕಿನಲ್ಲಿ ಆ ಪ್ರಶ್ನೆ ಬಸ್‌ಸ್ಟ್ಯಾಂಡಿಗೂ ಕೇಳಿಸಿತು. ಗ್ಯಾನಪ್ಪ ಮುಂದೆ ಬಂದು ಮಾವನ ಕೈ ಹಿಡಿದ. ಇನ್ನು ಮುಚ್ಚಿಡಬ್ಯಾಡ್ರಿ, ಗದಗಿನ ಡಾಕ್ಟರು ಏನಂದರು ಹೇಳಿಬಿಡಿರಿ ಎಂದ. ಯಾವ ಡಾಕ್ಟರು ಎಂದು ಗೋಣೆಪ್ಪ ಕೇಳಿದ. ಗದಗಿಗೆ ಹೋಗಿದ್ದು ಸುಳ್ಳೋ ಖರೆಯೋ ಎಂದು ಸಕ್ಕೂಬಾಯಿ ಕೇಳಿದಳು. ತುಂಬಿದ ಸಭೆಯಲ್ಲಿ, ಮೂರು ತಾಲೂಕುಗಳ ಮುಂದೆ, ಗೋಣೆಪ್ಪ ತಲೆ ಬಗ್ಗಿಸಿದ.

"ಗಿರಣಿ ಪಟ್ಟಾ ತರಾಕ ಹೋಗಿದ್ದೆ. ನಿನ್ನ ಕುಕ್ಕರ್ ರಬ್ಬರ್ ಮರತ ಬಂದೆ."

ಹಿಂದಿನ ಸಾಲಿನಿಂದ ಯಾವಗಲ್ಲಿನ ಆ ಮುದುಕರು, ಹಾಗಾದರೆ ಆರಾಮ ಇದ್ದೀಯಾ ಎಂದು ಕೇಳಿದರು. ಆರಾಮ ಇದ್ದೇನೆ ಎಂದ ಗೋಣೆಪ್ಪ. ಅಷ್ಟೇ. ಕುರ್ಚಿಗಳು ಒಂದೇ ಸಲಕ್ಕೆ ಸದ್ದು ಮಾಡಿದವು. ಅಳುತ್ತಿದ್ದವರು ಮೂಗು ಒರೆಸಿಕೊಂಡು ಎದ್ದರು, ಶಿರೋಳದವರು ಬಾಗಿಲ ಚಿಲಕ ತೆಗೆದರು, ಜಮಾಲಸಾಬರು ಹಾರ ಕುರ್ಚಿಯ ಮೇಲೆ ಬಿಟ್ಟು ವೇದಿಕೆಯಿಂದ ಹಾರಿದರು. ಇಷ್ಟು ಬ್ರೆಡ್ಡು ಕೊಂಡದ್ದು ದಂಡ ಎಂದು ಯಾರೋ ಗೊಣಗಿದ್ದು ಕೇಳಿಸಿತು. ಮಂಟಪ ಖಾಲಿಯಾಯಿತು. ಸಕ್ಕೂಬಾಯಿ ಒಬ್ಬಳು ತನ್ನ ಕುರ್ಚಿಯಲ್ಲಿ ಮತ್ತೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

ರಾಯಣ್ಣ ಹುಗ್ಗಿಯ ಕಡೆ ಹೋಗುತ್ತ ವೇದಿಕೆಯ ಹತ್ತಿರ ನಿಂತ. ಅವನೂ ಅತ್ತಿದ್ದರಿಂದ ಅವನ ಮನಸ್ಸು ಮೆತ್ತಗಾಗಿತ್ತು.

"ಷರತ್ತಿನ ಪ್ರಕಾರ ಮಂದಿ ಎದ್ದರು, ನಿನ್ನ ಹೆಸರು ಹೋತು. ಆದ್ರ ಒಬ್ಬರು ಇನ್ನೂ ಕುಂತಾರ. ಆ ಒಂದು ಹೆಸರು ಹೇಳಿ ಲಗೂ ಮುಗಿಸಿಬಿಡು ಗೋಣೆಪ್ಪ. ಕೂತು ಕೇಳಿದ್ರು ಅಂತ ಹಿಡಿತೀನಿ, ಕಾರ್ಡಿನ್ಯಾಗ ಉಳಿತಿ."

ಗೋಣೆಪ್ಪ ಮೈಕು ಹಿಡಿದ. ಹೇಳಬೇಕಾದದ್ದು ಒಂದೇ ಹೆಸರು, ಒಂದೇ ಮಾತು. ಕೇಳಲು ಕೂತ ಶ್ರೋತೃ ಎದುರಿಗೇ ಇದ್ದಳು, ಏಳುವ ಲಕ್ಷಣವೂ ಇರಲಿಲ್ಲ. ಸಕ್ಕೂಬಾಯಿ ಅವನನ್ನು ನೋಡಿ ಬೇಡ ಎಂದು ತಲೆಯಾಡಿಸಿದಳು. ಅವನು ಆರಾಮ ಇದ್ದಾನೆಂದು ಅವಳಿಗೆ ಈಗ ಗೊತ್ತಿತ್ತು, ಆದರೂ ಬೇಡ ಎಂದಳು. ಆ ಅಚ್ಚಿನ ಸಾಲು ಗೋಣೆಪ್ಪನಿಗೆ ಬಹಳ ಬೇಕಾಗಿತ್ತು.

"ಕಾರ್ಡಿನ್ಯಾಗಿಂದ ತಗದ ಬಿಡ್ರಿ ರಾಯಣ್ಣಾರ," ಎಂದ. "ಇದನ್ನ ನಾ ಮುಗಸಾಂಗಿಲ್ಲ."

ರಾಯಣ್ಣ ಏನೂ ಅರ್ಥವಾಗದೆ ಊಟಕ್ಕೆ ಹೋದ. ಇವರಿಬ್ಬರೂ ಕಡೆಯ ಪಂಕ್ತಿಗೆ ಸೇರಿದರು. ಬಡಿಸುವವರು ಸುಸ್ತಾಗಿದ್ದರು, ಸಕ್ಕೂಬಾಯಿಯೇ ತುಪ್ಪದ ಗಿಂಡಿ ತಗೊಂಡು ಗಂಡನ ಎಲೆಗೆ ಬಡಿಸಿ, ಅವನ ಬಾಯಿಯಿಂದ ಏನು ಬರುತ್ತದೋ ಎಂದು ಉಸಿರು ಬಿಗಿಹಿಡಿದು ನಿಂತಳು. ಗೋಣೆಪ್ಪ ಹುಗ್ಗಿಯನ್ನು ನೋಡಿದ, ತುಪ್ಪ ನೋಡಿದ, ಹೆಂಡತಿಯ ಮುಖ ನೋಡಿದ.

"ಇಷ್ಟೇ ಏನು?" ಎಂದು ಗದರಿದ. "ಕೈ ಹಿಡದು ಹಾಕಾಕ ಇದೇನ್ ನಿಮ್ಮಪ್ಪನ ಮನಿ ತುಪ್ಪ ಏನ?"

ಸಕ್ಕೂಬಾಯಿಗೆ ಜೀವ ಬಂದಂತಾಯಿತು. ಗಿಂಡಿಯನ್ನೇ ಬೋರಲು ಹಾಕಿದಳು.